ಗೋಡೆ ಬಿಟ್ಟು ನೆಲ ನೋಡಿದ ದಿನ

27 ಏಪ್ರಿಲ್ 2025, ಭಾನುವಾರ. ಅಣ್ಣಿಗೇರಿ

ನಿನ್ನೆ ರಾತ್ರಿಯೇ ಧಾರವಾಡದಿಂದ ಬಂದು ಅವ್ವನ ಹತ್ತಿರ ಉಳಿದೆ. ಬೆಳಿಗ್ಗೆ ಎಂಟಕ್ಕೆಲ್ಲ ಗೌಂಡಿಯವರು ಬಂದರು. ಚಹಾ ಆಮೇಲೆ ಅಂದು ನೇರ ಮುಂದಿನ ಖೋಲಿಯ ಕಿಟಕಿ ಹತ್ತಿರ ಹೋದರು.

ಆ ಬಿರುಕು ನಮಗೆ ಹೊಸದಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಮಾಳಿಗೆವರೆಗೂ ಹತ್ತಿದೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಹಿಡಿದ ಮೇಲೆ ಮುಚ್ಚಿಕೊಳ್ಳುತ್ತದೆ. ಸ್ಕೇಲ್ ಇಟ್ಟು ನೋಡಿದೆ, 11 ಮಿಲಿಮೀಟರ್. ಕಳೆದ ಅಕ್ಟೋಬರ್‌ನಲ್ಲಿ ಅದೇ ಪೆನ್ಸಿಲ್ ಗುರುತಿನ ಹತ್ತಿರ 3 ಇತ್ತು.

ಮೂರು ಸಲ ಸಿಮೆಂಟ್ ತುಂಬಿ ಬಣ್ಣ ಹೊಡೆಸಿದ್ದೇವೆ. ಗೌಂಡಿಯವರು ಹಳೇ ಸಿಮೆಂಟಿನ ತುಂಡೊಂದನ್ನು ಬೆರಳಿನಿಂದಲೇ ಎಳೆದರು. ಗೇಣುದ್ದದ ಪಟ್ಟಿ ಹಾಗೇ ಕೈಗೆ ಬಂತು. ಅದರ ಅಂಚಿನಲ್ಲಿ ಬಣ್ಣಗಳು ಒಂದರ ಮೇಲೊಂದು ಕೂತಿದ್ದವು. ಕೆಳಗೆ ಅಪ್ಪನ ಕಾಲದ ನೀಲಿ, ಮೇಲೆ ತಿಳಿ ಹಸಿರು, ಅದರ ಮೇಲೆ ನಾನು ಹೊಡೆಸಿದ ಕೆನೆ ಬಣ್ಣ. ಒಳಗೆ ಇರುವೆಗಳು ಸಾಲುಗಟ್ಟಿದ್ದವು.

"ಗ್ವಾಡಿದೇನೂ ತಪ್ಪಿಲ್ರೀ ಅಕ್ಕಾರ. ಬ್ಯಾಸಗ್ಯಾಗ ಸಿಮೆಂಟ್ ತುಂಬಿದ್ರ, ಮಳಿಗಾಲದಾಗ ಗ್ವಾಡಿ ಕೂಡಾಕ ಜಾಗಾ ಎಲ್ಲೈತ್ರಿ?"

ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ನಮ್ಮದು ಎರೆಮಣ್ಣು. ಹತ್ತಿ, ಕಡಲೆ ಬೆಳೆಯೋಕೆ ಬಂಗಾರದಂಥ ನೆಲ, ಮನೆ ಕಟ್ಟೋಕೆ ಮಾತ್ರ ಬಲು ಕಷ್ಟ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅಪ್ಪ 1974ರಲ್ಲಿ ಕಟ್ಟಿಸಿದ ಕಲ್ಲಿನ ಮನೆಯ ಬುನಾದಿ ಆರು ಅಡಿ ಇಳಿದು ಗರಸಿನ, ಅಂದರೆ ನೀರಿಗೆ ಉಬ್ಬದ ಗಟ್ಟಿ ಜಲ್ಲಿಮಣ್ಣಿನ, ಮೇಲೆ ಕೂತಿದೆ. ಅದಕ್ಕೆ ಇವತ್ತಿಗೂ ಏನೂ ಆಗಿಲ್ಲ. ಮುಂದಿನ ಖೋಲಿ 1996ರಲ್ಲಿ ಇಟ್ಟಿಗೆಯಲ್ಲಿ ಸೇರಿಸಿದ್ದು, ಬುನಾದಿ ಎರಡೂವರೆ ಅಡಿ ಅಷ್ಟೇ. ಒಂದು ಅಲುಗಾಡದೆ ನಿಂತಿದೆ, ಇನ್ನೊಂದು ನೆಲದ ಜೊತೆ ಏರಿಳಿಯುತ್ತಿದೆ. ಬಿರುಕು ಬಿಡದೆ ಏನು ಮಾಡೀತು, ಅಲ್ವಾ?

ಆಮೇಲೆ ಹೊರಗೆ ಹೋದೆವು. ನಿಜವಾದ ಕೆಲಸ ಇದ್ದದ್ದು ಅಲ್ಲೇ. ಗೋಡೆ ಸುತ್ತ ಹಾಕಿದ್ದ ಹಾಸುಗಲ್ಲಿನ ಫರಸಿ ಒಳಗಡೆಗೆ ಕುಸಿದಿತ್ತು. ಗೌಂಡಿಯವರು ಒಂದು ಕೊಡ ನೀರು ಸುರಿದರು. ಅಷ್ಟೂ ನೀರು ಗೋಡೆ ಕಡೆಗೇ ಹರಿದು, ಸಂದಿಯಲ್ಲಿ ಇಳಿದು ಹೋಯಿತು. ಎಷ್ಟು ಮಳೆಗಾಲ ಬುನಾದಿಗೆ ನಾವೇ ಹೀಗೆ ನೀರು ಕುಡಿಸಿದ್ದೇವೋ! ಬಚ್ಚಲ ಪೈಪೂ ಆ ಮೂಲೆಯಲ್ಲೇ ಸೋರುತ್ತಿತ್ತು. ನೋಡಿ ಹೊಟ್ಟೆಗೆ ಸಂಕಟವಾಯಿತು.

ಇನ್ನು ಬೇವಿನ ಮರ. ಗೋಡೆಯಿಂದ ಎಂಟೇ ಅಡಿ. ಕಡಿಸಲೇಬೇಕೇನೋ ಅಂದುಕೊಂಡೇ ಬಂದಿದ್ದೆ, ಅವ್ವ ರಾತ್ರಿಯಿಂದ ಮಾತೇ ಆಡಿರಲಿಲ್ಲ. ಗೌಂಡಿಯವರೇ ಬೇಡವೆಂದರು. "ಇಷ್ಟು ವರ್ಷ ನೆಲದ ನೀರು ಕುಡದೈತ್ರಿ ಅದು. ಒಮ್ಮೆಲೇ ಕಡದ್ರ ಆ ನೀರೆಲ್ಲ ಅಲ್ಲೇ ಉಳದು ನೆಲ ಉಬ್ಬತೈತಿ." ಪ್ರತಿ ವರ್ಷ ಟೊಂಗೆ ಸವರಿಸಿದರೆ ಸಾಕಂತೆ, ಎಲೆ ಕಡಿಮೆಯಾದರೆ ಕುಡಿಯೋದೂ ಕಡಿಮೆ. ಅವ್ವ ಎದ್ದು ಚಹಾ ಇಡಲು ಒಳಗೆ ಹೋದಳು.

ಹತ್ತು ಗಂಟೆಗೆ ಕೆಲಸ ಶುರು. ಫರಸಿ ಎಬ್ಬಿಸಿ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳ ಎರೆಮಣ್ಣು ತೆಗೆಯೋದು. ಎಲ್ಲ ಒಟ್ಟಿಗೆ ಅಗೆಯಬಾರದು, ಬುನಾದಿ ಆಳ ಇಲ್ಲದ್ದರಿಂದ ಗೋಡೆ ಜಾರಬಹುದು. ಐದು ಅಡಿ ಅಗೆದು, ಗರಸು ತುಂಬಿ, ನೀರು ಚಿಮುಕಿಸಿ ದಿಮ್ಮಸು ಹೊಡೆದ ಮೇಲೇ ಮುಂದಿನ ಐದು ಅಡಿ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮತ್ತೆ ಫರಸಿ. ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು, ಹೊರಗಡೆಗೆ. ಗೋಡೆಗೂ ಫರಸಿಗೂ ನಡುವಿನ ಸಂದಿಗೆ ಡಾಂಬರು. ಅಲ್ಲಿ ಸಿಮೆಂಟ್ ಹಾಕಿದರೆ ನೆಲ ಅಲುಗಾಡಿದಾಗ ಮತ್ತೆ ಬಿಡುತ್ತದೆ.

ಸಂಜೆವರೆಗೆ ಹತ್ತು ಅಡಿ ಮುಗಿಯಿತು. ಬಿರುಕನ್ನು ಈಗ ಗಟ್ಟಿಯಾಗಿ ತುಂಬುತ್ತಿಲ್ಲ. ಚೇಳು ಹೊಗದಂತೆ ಸುಣ್ಣ ಮರಳು ಕಲಸಿ ಮೆತ್ತಗೆ ಒತ್ತಿದ್ದಾರೆ ಅಷ್ಟೇ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಅಲುಗಾಟ ಕಡಿಮೆಯಾದರೆ ಆಗ ಇಟ್ಟಿಗೆ ಸಂದಿಗಳಲ್ಲಿ ಅಡ್ಡ ಸರಳು ಕೂರಿಸಿ ಗೋಡೆ ಹೊಲಿಯೋದು. ಬಣ್ಣ ಅದಾದ ಮೇಲೆ.

ಹೊರಡುವ ಮೊದಲು ಬಿರುಕಿನ ಎರಡೂ ಕಡೆ ಹೊಸ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆದೆ. ಪ್ರತಿ ತಿಂಗಳು ಒಂದನೇ ತಾರೀಖಿಗೆ ಅಳೆದು ಫೋನ್ ಮಾಡು ಅಂತ ಅವ್ವನ ಕೈಗೆ ಸ್ಕೇಲ್ ಕೊಟ್ಟೆ. ನಾನು ಬ್ಯಾಗ್ ತರೋಕೆ ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಹೊಸ ಫರಸಿ ಮೇಲೆ ಒಂದು ತಂಬಿಗೆ ನೀರು ಸುರಿದು, ಬಗ್ಗಿ ನೋಡುತ್ತಿದ್ದಳು.

"ಹೊರಗ ಹೊಂಟತಿ ನೋಡ ತಂಗಿ," ಅಂದಳು.