ವಿಡಿಯೋ ನಿಲ್ಲಿಸಿ ಹಾಳೆ ಕೊಟ್ಟ ಮೇಲೆ

ಸಕಲೇಶಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಸ್ಮಾರ್ಟ್ ಕ್ಲಾಸ್ ಬಂದ ವರ್ಷ ಮಕ್ಕಳಿಗಿಂತ ನನಗೇ ಜಾಸ್ತಿ ಖುಷಿ. ಹತ್ತನೇ ತರಗತಿಗೆ ಹೃದಯದ ಪಾಠ ಇತ್ತು. ನಾನು ಬೋರ್ಡಿನ ಮೇಲೆ ಬಿಡಿಸುವ ಹೃದಯ ಬಡಿಯುವುದಿಲ್ಲ. ಪರದೆಯ ಮೇಲಿನದು ಬಡಿಯುತ್ತದೆ, ಕವಾಟ ತೆರೆದು ಮುಚ್ಚುವುದೂ ಕಾಣುತ್ತದೆ. 20 ನಿಮಿಷ ಒಬ್ಬರೂ ಅಲ್ಲಾಡಲಿಲ್ಲ. "ಅರ್ಥ ಆಯ್ತಾ?" ಅಂದೆ. "ಆಯ್ತು ಮಿಸ್" ಅಂತ ಇಡೀ ಕ್ಲಾಸು ಕೂಗಿತು.

ಮುಂದಿನ ವಾರ ಜೋರು ಮಳೆ, ಕರೆಂಟ್ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಇದು ಮಾಮೂಲಿ. ಪರದೆ ಹಾಕುವ ಹಾಗಿರಲಿಲ್ಲ. ಹಾಳೆ ತೆಗೆದು ರಕ್ತ ಹೋಗುವ ದಾರಿ ಬರೆಯಿರಿ ಅಂದೆ. ನಾಲ್ಕು ಕೋಣೆಗಳನ್ನು ಎಲ್ಲರೂ ಚೆನ್ನಾಗಿಯೇ ಬಿಡಿಸಿದ್ದರು. ಆದರೆ ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಶ್ವಾಸಕೋಶವೇ ಇರಲಿಲ್ಲ. ಬಲ ಹೃತ್ಕುಕ್ಷಿಯಿಂದ, ಅಂದರೆ ಬಲಗಡೆಯ ಕೆಳಗಿನ ಕೋಣೆಯಿಂದ, ರಕ್ತ ಸೀದಾ ಕೈಕಾಲಿಗೆ ಹೋಗಿತ್ತು. ಮುಂದಿನ ಬೆಂಚಿನ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡುವಾಗ ಎಲ್ಲಾ ಗೊತ್ತಿತ್ತು ಮಿಸ್" ಅಂದ.

ಅವನು ಸುಳ್ಳು ಹೇಳಲಿಲ್ಲ. ನೋಡುವಾಗ ಗೊತ್ತಿರುವುದೇ ಬೇರೆ, ತಲೆಯಿಂದ ತೆಗೆಯುವುದೇ ಬೇರೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬಗ್ಗೆಯೇ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದು ಸಲ ಓದಿಸಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಸಿದರು. 5 ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ: ಶೇ. 81, ಬರೆದದ್ದು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಓದಿದ್ದು ಶೇ. 42ಕ್ಕೆ ಇಳಿದಿತ್ತು, ಬರೆದದ್ದು ಶೇ. 56ರಲ್ಲಿತ್ತು. ನನ್ನ "ಅರ್ಥ ಆಯ್ತಾ?" ಆ 5 ನಿಮಿಷದ ಪರೀಕ್ಷೆ ಮಾತ್ರ ಅಲ್ವಾ?

ಈಗ ವಿಡಿಯೋವನ್ನು ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಪರದೆ ಆರಿಸಿ ಹಾಳೆಯಲ್ಲಿ ಬರೆಸುತ್ತೇನೆ. ಅದಕ್ಕೆ ಅಂಕ ಕೊಡುವುದಿಲ್ಲ, ಕೊಟ್ಟರೆ ಪಕ್ಕದವರದ್ದನ್ನು ನೋಡಿ ಬರೆಯುತ್ತಾರೆ. ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತೇನೆ. ಪೋರ್ಷನ್ ಮುಗಿಯಲ್ಲ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಆ ಕಷ್ಟ ನಿಜ, ನನಗೂ ಇದೆ.

ಇನ್ನೊಂದು ಅಭ್ಯಾಸವನ್ನು ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ ಅವರಿಂದ ಕಲಿತೆ. ಪ್ರಶ್ನೆ ಕೇಳಬೇಕು. ಮೊದಲು ಒಬ್ಬೊಬ್ಬರೇ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಇನ್ನೊಮ್ಮೆ ಆರಿಸಬೇಕು. ಅದಕ್ಕೆ ನಮ್ಮಲ್ಲಿ ಯಂತ್ರ ಗಿಂತ್ರ ಇಲ್ಲ. ಉತ್ತರದ ಸಂಖ್ಯೆಯಷ್ಟು ಬೆರಳನ್ನು ಎದೆಯ ಹತ್ತಿರ ತೋರಿಸಿದರೆ ನನಗೆ ಮಾತ್ರ ಕಾಣುತ್ತದೆ, ಅಷ್ಟು ಸಾಕು.

ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ ಅಂತ ಒಂದು ದಿನ ಕೇಳಿದೆ. ಮೊದಲ ಸಲ ಹೆಚ್ಚಿನ ಬೆರಳು ತಪ್ಪು. ವಾದ ಶುರುವಾಯಿತು. ಕಾಫಿ ತೋಟದ ಲೈನ್ ಮನೆಯಿಂದ ಬರುವ ಹುಡುಗಿ, ಕ್ಲಾಸಲ್ಲಿ ಬಾಯೇ ಬಿಡದವಳು, ಪಕ್ಕದವಳಿಗೆ ಹೇಳುತ್ತಿದ್ದಳು: "ಬಲಗಡೇದು ಪಕ್ಕದಲ್ಲಿರೋ ಶ್ವಾಸಕೋಶಕ್ಕೆ ಕಳ್ಸಿದ್ರೆ ಆಯ್ತು. ಎಡಗಡೇದು ಇಡೀ ಮೈಗೆ ಕಳಿಸ್ಬೇಕು. ಗುಡ್ಡದ ಮೇಲಿನ ಸ್ಪ್ರಿಂಕ್ಲರ್‌ಗೆ ಸಣ್ಣ ಮೋಟ್ರು ಸಾಕಾಗುತ್ತಾ ಕಣೇ?" ಎರಡನೇ ಸಲ ಆ ಬೆಂಚಿನ ನಾಲ್ಕೂ ಜನ ಸರಿಯಾದ ಬೆರಳು ತೋರಿಸಿದರು.