ಬಟನ್ ಒತ್ತಿದರೆ ಆಗುವ ಕೆಲಸ

ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ, ಅಂದರೆ ಮುದ್ರಣಕ್ಕೆ ಟೈಪ್ ಮಾಡಿಕೊಡುವ ಅಂಗಡಿಗೆ, ನಾನು ಸೇರಿದಾಗ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಗೊತ್ತಿದ್ದವರಿಗೆ ಒಳ್ಳೆ ಬೇಡಿಕೆ ಇತ್ತು. ಮದುವೆ ಕಾಗದ, ದೈವದ ನೇಮದ ಆಮಂತ್ರಣ, ಬ್ರಹ್ಮಕಲಶದ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್. ಶುಭಕಾರ್ಯ ನಡೆಯದ ಆಟಿ ತಿಂಗಳೊಂದು ಬಿಟ್ಟರೆ ಕೈಗೆ ಬಿಡುವೇ ಇರಲಿಲ್ಲ. ಆಮೇಲೆ ಕಾಗದ ಎಲ್ಲ ವಾಟ್ಸ್‌ಆ್ಯಪಿಗೆ ಹೋಯಿತು. ಕೊರೋನಾ ಬಂದು ಮದುವೆಯೇ ಸಣ್ಣದಾದ ಮೇಲಂತೂ ಕೇಳುವುದೇ ಬೇಡ. ಅಂಗಡಿ ಉಳಿದದ್ದು ಜೆರಾಕ್ಸಿನಿಂದ. ನನ್ನ ಸಂಬಳ ಇದ್ದಲ್ಲೇ ನಿಂತಿತು. ಧಣಿ ಕೆಟ್ಟವರಲ್ಲ, ಕೊಡುವುದಕ್ಕೆ ಅವರ ಕೈಯಲ್ಲೂ ಇರಲಿಲ್ಲ.

ಸಲಹೆಗೆ ಮಾತ್ರ ಬರ ಇರಲಿಲ್ಲ. ಲೆಕ್ಕಪತ್ರದ ಟ್ಯಾಲಿ ಕಲಿ ಅಂದರು. ಡಿಜಿಟಲ್ ಮಾರ್ಕೆಟಿಂಗ್ ಮಾಡು ಅಂದರು. ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಕ್ಲಾಸಿಗೆ ಹೋಗಿ ವಿಚಾರಿಸಿಯೂ ಬಂದೆ. ಫೀಸು ಕೇಳಿ ಸುಮ್ನೆ ಬಸ್ಸು ಹತ್ತಿದೆ. ಒಂದು ವಿಷಯ ಈಗಲೂ ನನಗೆ ಸೋಜಿಗ. ನನಗೆ ಏನು ಗೊತ್ತಿಲ್ಲ ಎಂದು ಎಲ್ಲರೂ ಲೆಕ್ಕ ಹಾಕಿದರು, ಏನು ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ ಅನ್ನಿ.

ಒಂದು ಮಳೆಗಾಲದ ಮಧ್ಯಾಹ್ನ ನಿವೃತ್ತ ಮಾಷ್ಟ್ರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಒಂದು ಸಿಡಿ ತೆಗೆದು ಮೇಜಿನ ಮೇಲಿಟ್ಟರು.

“ನನ್ನದೇ ಪುಸ್ತಕ ಅಮ್ಮ. ಮೊಮ್ಮಗಳು ಮೊಬೈಲಲ್ಲಿ ಓದ್ಬೇಕು ಅಂತಾಳೆ. ಆಗ್ಲಿಕ್ಕೆ ಉಂಟಾ?”

ಬೇರೆ ಕಡೆ ಕೇಳಿದ್ದಕ್ಕೆ ಇಡೀ ಪುಸ್ತಕ ಹೊಸದಾಗಿ ಟೈಪ್ ಮಾಡಬೇಕು ಅಂದಿದ್ದರಂತೆ. ಸಿಡಿ ಹಾಕಿದೆ. ಪೇಜ್‌ಮೇಕರ್ ಫೈಲು, ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟು. ವಾಕ್ಯವೊಂದನ್ನು ಎತ್ತಿ ಮೇಲ್‌ನಲ್ಲಿ ಹಾಕಿದರೆ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಪೌಂಡ್ ಗುರುತು, ಇನ್ನೇನೇನೋ. ಮಾಷ್ಟ್ರು ಗಾಬರಿಯಾದರು. “ಎಂತದು ಇದು, ಹಾಳಾಯ್ತಾ?”

ಹಾಳಾಗಿರಲಿಲ್ಲ. ಹಳೆ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಗುರುತುಗಳೇ. ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ, ಫಾಂಟು ತೆಗೆದರೆ ಬಣ್ಣ ಬಯಲು. ನುಡಿಯದ್ದು ಒಂದು ಲೆಕ್ಕ, ಶ್ರೀಲಿಪಿಯದ್ದು ಇನ್ನೊಂದು, ಆಕೃತಿಯದ್ದು ಮತ್ತೊಂದು. ಮೊಬೈಲಿಗೆ ಬೇಕಾದದ್ದು ಯೂನಿಕೋಡ್, ಎಲ್ಲ ಕಡೆಗೂ ಒಂದೇ ಲೆಕ್ಕ. ಅಲ್ಲಿ ಕ ಅಂದರೆ ಕ ಅಕ್ಷರವೇ.

ಹಳೆ ಫಾಂಟಿನದ್ದನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಒಂದಕ್ಕೆ ಹಾಕಿದೆ. ಮುಕ್ಕಾಲು ಪಾಲು ಚೆನ್ನಾಗಿಯೇ ಬಂತು. ಆದರೆ ‘ವರ್ಷ’ ‘ವಷರ್’ ಆಗಿತ್ತು. ‘ಧರ್ಮ’ ‘ಧಮರ್’. ಮಧ್ಯೆ ಬಂದ ಇಂಗ್ಲಿಷ್ ಹೆಸರುಗಳು ಓದಲಾಗದ ಕನ್ನಡವಾಗಿದ್ದವು. ನೋಡಿದ ಕೂಡಲೇ ಕಾರಣ ಹೊಳೆಯಿತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಕ್ಷರದ ಆಚೆ ಬದಿಗೆ ಕೂತಿರುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು, ಆಮೇಲೆ ‘ಷ’. ಕನ್ವರ್ಟರು ಅದನ್ನು ಎತ್ತಿ ಅಕ್ಷರಕ್ಕಿಂತ ಮೊದಲಿಗೆ ತಂದಿರಲಿಲ್ಲ. ಇಷ್ಟು ವರ್ಷ ಈ ಅಕ್ಷರಗಳನ್ನು ಬೆರಳಲ್ಲೇ ಹೊಡೆದವಳಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ. ಒತ್ತಕ್ಷರಕ್ಕೆ ಎಫ್ ಕೀ ಎಂದು ನಾವು ಯೋಚಿಸದೆ ಒತ್ತುತ್ತೇವಲ್ಲ, ನುಡಿಯ ಆ ಕೀಲಿಮಣೆ ಹಾಕಿಕೊಟ್ಟ ಕೆ.ಪಿ. ರಾಯರು ನಮ್ಮ ಕಡೆಯವರೇ, ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ನಮ್ಮ ಅಂಗಡಿಗೆ ಬರುವ ಹುಡುಗರಿಗೆ ಈ ಹೆಸರೂ ಗೊತ್ತಿಲ್ಲ, ನುಡಿಯೂ ಗೊತ್ತಿಲ್ಲ. ಅವರು ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವವರು.

ಹಾಗಾದರೆ ಈ ಹಳೆ ಫೈಲುಗಳನ್ನು ರಿಪೇರಿ ಮಾಡುವವರು ಯಾರು? ಆ ಪ್ರಶ್ನೆ ತಲೆಗೆ ಬಂದ ಮೇಲೆ ಹೋಗಲೇ ಇಲ್ಲ. ಎಷ್ಟು ಪ್ರಕಾಶಕರ, ಸಂಘದವರ, ದೇವಸ್ಥಾನದವರ ಕಪಾಟಿನಲ್ಲಿ ಇಂಥ ಸಿಡಿ ಬಿದ್ದಿರಬಹುದು ನೋಡಿ.

ರಾತ್ರಿ ಮನೆಯಲ್ಲಿ ಕೂತು ಮಾಷ್ಟ್ರ ಪುಸ್ತಕ ಮುಗಿಸಿದೆ. ಎಲ್ಲಿ ಏನು ತಪ್ಪುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಅದನ್ನು ತಿರುವಿ ಹಾಕಿ, “ಚಿಕ್ಕಮ್ಮ, ಇದು ರೂಲ್ ಅಲ್ವಾ? ಹೀಗೇ ಬರೆದು ಕೊಡಿ, ಪ್ರೋಗ್ರಾಂ ನಾನು ಮಾಡ್ತೇನೆ” ಅಂದ. ಮಾಡಿಯೂ ಕೊಟ್ಟ. ಪೇಜ್‌ಮೇಕರ್ ಜಾಗಕ್ಕೆ ಬಂದ ಇನ್‌ಡಿಸೈನ್ ಮಾತ್ರ ನಾನೇ ವಿಡಿಯೋ ನೋಡಿ ಕಲಿಯಬೇಕಾಯಿತು. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಒಂದು ಆಯ್ಕೆ ಉಂಟು. ಅದನ್ನು ಹಾಕದಿದ್ದರೆ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇದು ಗೊತ್ತಾಗುವ ತನಕ ನಾನು ಕಂಪ್ಯೂಟರಿಗೆ ಬೈದದ್ದು ಅಷ್ಟಿಷ್ಟಲ್ಲ.

ಮಾಷ್ಟ್ರು ಇಬ್ಬರಿಗೆ ಹೇಳಿದರು, ಅವರು ಇನ್ನಿಬ್ಬರಿಗೆ. ಈಗ ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ನನ್ನ ಸ್ವಂತ ಕೆಲಸ. ಧಣಿಗಳೇ ಒಪ್ಪಿದ್ದು. ಹಳೆ ಪೇಜ್‌ಮೇಕರ್ ಇರುವ ಅಂಗಡಿ ಕಂಪ್ಯೂಟರನ್ನೂ ಬಳಸಲು ಬಿಟ್ಟಿದ್ದಾರೆ.

ಮೊನ್ನೆ ಮಂಗಳೂರಿನ ಪ್ರಕಾಶಕರೊಬ್ಬರು ಯಕ್ಷಗಾನ ಪ್ರಸಂಗಗಳ ಫೈಲು ಹಿಡಿದು ಕೂತಿದ್ದರು. ಇದು ಕಷ್ಟದ ಕೆಲಸ. ರಾಗ, ತಾಳದ ಸಾಲು ಬೇರೆ, ಪದ್ಯ ಬೇರೆ, ಪದ್ಯದ ಸಾಲು ಎಲ್ಲೆಂದರಲ್ಲಿ ಮುರಿಯುವಂತಿಲ್ಲ. ಕನ್ವರ್ಷನ್ನಿಗೆ ಒಂದು ರೇಟು, ಅಕ್ಷರ ಅಕ್ಷರ ಓದಿ ತಿದ್ದುವುದಕ್ಕೆ ಬೇರೆ ರೇಟು ಅಂದೆ.

“ಎಂತಕ್ಕೆ ಅಕ್ಕ ಅಷ್ಟು? ಬಟನ್ ಒತ್ತಿದ್ರೆ ಆಗ್ತದಲ್ವಾ?”

ವಾದಕ್ಕೆ ಹೋಗಲಿಲ್ಲ. ಅವರದೇ ಫೈಲಿನ ಒಂದು ಪುಟವನ್ನು ಪುಕ್ಕಟೆ ಕನ್ವರ್ಟರಿಗೆ ಹಾಕಿ, ಬಟನ್ ಒತ್ತಿ, ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅವರು ಮೊದಲ ಪದ್ಯವನ್ನು ಜೋರಾಗಿ ಓದಲು ಹೊರಟರು. ‘ಕರ್ಣ’ ‘ಕಣರ್’ ಆದಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿದರು.

“ಅಡ್ವಾನ್ಸ್ ಎಷ್ಟು ಕೊಡ್ಬೇಕು?” ಅಂದರು.