ಬೈತಖೋಲದಿಂದ ಧಾರವಾಡದವರೆಗೆ: 1994ರ ನಮ್ಮ ಫುಟ್‌ಬಾಲ್ ತಂಡ

ಆ ವರ್ಷದ ನಮ್ಮ ಕಾರವಾರದ ಕಾಲೇಜಿನ ಮಿಸಲೇನಿಯಲ್ಲಿ, ಅಂದರೆ ವಾರ್ಷಿಕ ಸಂಚಿಕೆಯಲ್ಲಿ, ನಮ್ಮ ಫುಟ್‌ಬಾಲ್ ತಂಡದ ಬಗ್ಗೆ ಇರುವುದು ಒಂದೇ ಸಾಲು. ಧಾರವಾಡದಲ್ಲಿ ನಡೆದ ವಿಶ್ವವಿದ್ಯಾಲಯದ ಅಂತರ ವಲಯ ಪಂದ್ಯಾವಳಿಯಲ್ಲಿ ತಂಡ ಸೆಮಿಫೈನಲ್ ತಲುಪಿತು ಎಂಬಲ್ಲಿಗೆ ಮುಗಿಯಿತು. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಹುಡುಗರು ಯಾರು, ಅವರನ್ನು ಮೈದಾನಕ್ಕೆ ಕಳುಹಿಸಿಕೊಡಲು ಅವರ ಮನೆಯವರು ಏನೇನು ಬಿಟ್ಟುಕೊಟ್ಟರು ಎನ್ನುವುದು ಎಲ್ಲಿಯೂ ದಾಖಲಾಗಿಲ್ಲ. ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಿ ಎಂದಾಗ ನಾನು ಬೇರೆ ವಿಷಯ ಹುಡುಕಲಿಲ್ಲ.

ನಾನು ಘಟ್ಟದ ಮೇಲಿನವನು. ಶಿರಸಿಯ ಕಡೆ ನಮ್ಮೂರಿನಲ್ಲಿ ಸಂಜೆಯಾದರೆ ವಾಲಿಬಾಲ್, ಇಲ್ಲವಾದರೆ ಕಬಡ್ಡಿ. ಫುಟ್‌ಬಾಲ್ ಎನ್ನುವುದು ಮೈಮೇಲೆ ಬಂದದ್ದು ಕಾರವಾರಕ್ಕೆ ಓದಲು ಬಂದ ನಂತರ. ಇಲ್ಲಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು ದಾರಿ. ಮಾಜಾಳಿ ಗಡಿ ದಾಟಿ ಗೋವಾದ ಮಡಗಾಂವಕ್ಕೆ ಹೋಗಲು ಎರಡು ಗಂಟೆಯ ಪ್ರಯಾಣ ಸಾಕು. ಹೀಗಾಗಿ ಕಾರವಾರದ ಹುಡುಗರ ಬಾಯಲ್ಲಿ ಸಾಲಗಾಂವಕರ್, ಡೆಂಪೊ, ಚರ್ಚಿಲ್ ಬ್ರದರ್ಸ್ ಎಂಬ ಗೋವಾದ ಫುಟ್‌ಬಾಲ್ ಕ್ಲಬ್‌ಗಳ ಹೆಸರುಗಳು ಮನೆಯವರ ಹೆಸರಿನಷ್ಟೇ ಸಲೀಸಾಗಿ ಬರುತ್ತಿದ್ದವು. ನಮ್ಮ ಗೋಲ್‌ಕೀಪರ್ ಕಾರವಾರದ ಬೈತಖೋಲದವನು. ಅವನ ಟ್ರಂಕಿನ ಮುಚ್ಚಳದ ಒಳಬದಿಗೆ ಭಾರತ ತಂಡದ ನಾಯಕರಾಗಿದ್ದ ಗೋವಾದ ಗೋಲ್‌ಕೀಪರ್ ಬ್ರಹ್ಮಾನಂದ ಸಂಖವಾಳಕರ್ ಅವರ ಚಿತ್ರ ಅಂಟಿಸಿತ್ತು.

1994 ವಿಶ್ವಕಪ್‌ನ ವರ್ಷ. ಅಮೆರಿಕದ ಪ್ಯಾಸಡೀನಾದಲ್ಲಿ ಜುಲೈ 17ರ ಮಧ್ಯಾಹ್ನ ಶುರುವಾದ ಫೈನಲ್ ನಮಗೆ ಕಾಣಿಸಿದ್ದು 18ರ ನಸುಕಿನ ಒಂದು ಗಂಟೆಗೆ, ಹೊರಗೆ ಮಳೆ ಹುಯ್ಯುತ್ತಿರುವಾಗ. ಇಡೀ ಪಂದ್ಯದಲ್ಲಿ ಒಂದೂ ಗೋಲಿಲ್ಲದೆ ಕೊನೆಗೆ ಪೆನಾಲ್ಟಿಯಲ್ಲಿ ಬ್ರೆಜಿಲ್ 3–2ರಿಂದ ಇಟಲಿಯನ್ನು ಸೋಲಿಸಿತು. ಮರುದಿನ ಎಲ್ಲರ ಬಾಯಲ್ಲೂ ಇಟಲಿಯ ಬಾಜಿಯೊ ಚೆಂಡನ್ನು ಗೋಲಿನ ಅಡ್ಡಕಂಬದ ಮೇಲಿನಿಂದ ಹಾರಿಸಿದ ಮಾತೇ. ಬೈತಖೋಲದವನಿಗೆ ಅದು ಮುಖ್ಯವೇ ಆಗಿರಲಿಲ್ಲ. ಬ್ರೆಜಿಲ್‌ನ ಗೋಲ್‌ಕೀಪರ್ ಟಫರೆಲ್ ಅದಕ್ಕೂ ಮೊದಲು ಇಟಲಿಯ ಮಸಾರೊನ ಒದೆತವನ್ನು ತಡೆದದ್ದನ್ನು ಅವನು ನಮಗೆಲ್ಲ ನಿಂತು, ಬಿದ್ದು ಮಾಡಿ ತೋರಿಸಿದ.

ನಮ್ಮ ತಂಡದ ಮುಕ್ಕಾಲು ಪಾಲು ಮೀನುಗಾರರ ಮನೆಯ ಹುಡುಗರು. ಬೈತಖೋಲ, ಕೋಡಿಬಾಗ, ಅರಗಾ, ಮಾಜಾಳಿ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಹಾಗಾಗಿ ಜೂನ್, ಜುಲೈ ತಿಂಗಳು ಈ ಹುಡುಗರು ಪೂರ್ತಿಯಾಗಿ ನಮ್ಮವರು. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸಿದರೆಂದರೆ ಅವರ ಹೊತ್ತೆಲ್ಲ ಕಡಲಿಗೆ ಸೇರಿತು. ವಿಶ್ವವಿದ್ಯಾಲಯದ ಪಂದ್ಯಗಳು ಬರುತ್ತಿದ್ದದ್ದೂ ಬಂಗಡೆ, ತಾರ್ಲೆ ಮೀನು ದಂಡೆಗೆ ಬರುವ ಅದೇ ತಿಂಗಳುಗಳಲ್ಲಿ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮೆಲ್ಲರ ಪಿ.ಡಿ. ಸರ್, ಇದನ್ನು ಚೆನ್ನಾಗಿ ಅರಿತಿದ್ದರು. ‘ಅಭ್ಯಾಸಕ್ಕೆ ಬರದವನಿಗೆ ತಂಡದಲ್ಲಿ ಜಾಗವಿಲ್ಲ’ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಸಮುದ್ರದ ಭರತ, ಇಳಿತದ ವೇಳೆಯನ್ನು ಹುಡುಗರಿಂದಲೇ ಕೇಳಿ ಬರೆದುಕೊಂಡು, ವಾರದ ಅಭ್ಯಾಸದ ಸಮಯವನ್ನು ಅದಕ್ಕೆ ಹೊಂದಿಸಿ ಸೂಚನಾ ಫಲಕಕ್ಕೆ ಹಾಕುತ್ತಿದ್ದರು. ಒಬ್ಬ ಶಿಕ್ಷಕ ವಿದ್ಯಾರ್ಥಿಗೆ ಕೊಡಬಹುದಾದ ಗೌರವ ಇದಕ್ಕಿಂತ ದೊಡ್ಡದು ನಾನು ಕಂಡಿಲ್ಲ.

ಮಾಲಾದೇವಿ ಮೈದಾನದಲ್ಲಿ ನೀರು ನಿಂತ ದಿನಗಳಲ್ಲಿ ನಾವು ಸಮುದ್ರದ ದಂಡೆಗೆ ಹೋಗುತ್ತಿದ್ದೆವು. ಇಳಿತದಲ್ಲಿ ನೀರು ಹಿಂದೆ ಸರಿದ ಮೇಲೆ ಉಳಿಯುವ ಹಸಿ ಉಸುಕು ಗಟ್ಟಿಯಾಗಿರುತ್ತದೆ, ಆದರೆ ಚೆಂಡು ಉರುಳುವುದಿಲ್ಲ, ಬಿದ್ದಲ್ಲಿಯೇ ಕೂರುತ್ತದೆ. ದೂರದ ಪಾಸ್ ಅಲ್ಲಿ ನಡೆಯದು. ಹತ್ತಿರದವನಿಗೆ ಕೊಟ್ಟು, ಓಡಿ, ಮತ್ತೆ ಪಡೆಯಬೇಕು. ಮೀನಖಂಡ ಹರಿದುಹೋಗುವಂತೆ ನೋಯುತ್ತಿತ್ತು. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಷ್ಟೇ ಬಂದಿತ್ತು. ಅಂಟಿಕೊಳ್ಳುವ ಉಸುಕಿನಲ್ಲಿ ಅದನ್ನು ರೂಢಿ ಮಾಡಿಕೊಂಡ ನಮ್ಮ ಹುಡುಗನಿಗೆ ಮುಂದೆ ಹುಲ್ಲಿನ ಮೈದಾನ ಸುಲಭವೆನಿಸಿತು.

ವಲಯ ಪಂದ್ಯಗಳಿಗೆ ಎರಡು ದಿನ ಇರುವಾಗ ಗೋಲಿನ ಬಲೆ ತೆಗೆದು ನೋಡಿದರೆ ಇಲಿಗಳು ಅಲ್ಲಲ್ಲಿ ಕಡಿದು ಹಾಕಿದ್ದವು. ಹೊಸದಕ್ಕೆ ಹಣವಿರಲಿಲ್ಲ. ಬೈತಖೋಲದವನು ಮನೆಯಿಂದ ನೈಲಾನ್ ದಾರ, ಬಲೆ ಹೆಣೆಯುವ ಬಿದಿರಿನ ಸೂಜಿ ತಂದ. ಕ್ರೀಡಾ ಕೊಠಡಿಯ ಜಗಲಿಯಲ್ಲಿ ಬಲೆಯ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತ. ಎಡಗೈಯ ಬೆರಳಿನಲ್ಲಿ ಬಲೆಯ ಕಣ್ಣಿನ ಅಳತೆ ಹಿಡಿದು, ಸೂಜಿ ತೂರಿಸಿ, ದಾರ ಸುತ್ತಿ, ಎಳೆದು ಗಂಟು ಬಿಗಿಯುತ್ತಿದ್ದ. ನೋಡುತ್ತಿದ್ದಂತೆಯೇ ರಂಧ್ರ ಮುಚ್ಚಿ ಹೊಸ ಕಣ್ಣುಗಳು ಹಳೆಯವುಗಳ ಸಾಲಿಗೆ ಸೇರುತ್ತಿದ್ದವು. ಕೋಡಿಬಾಗದ ಇಬ್ಬರು ಇನ್ನೊಂದು ಬದಿಯಿಂದ ಕುಳಿತರು. ಕತ್ತಲಾಗುವುದರೊಳಗೆ ಎರಡೂ ಬಲೆಗಳು ಸಿದ್ಧ. ನಾನು ಅವರಿಗೆ ದಾರ ಕತ್ತರಿಸಿ ಕೊಡುತ್ತಿದ್ದೆ. ಆ ಕೈಗಳ ವೇಗಕ್ಕೆ ನನ್ನ ಕಣ್ಣು ಸಾಲುತ್ತಿರಲಿಲ್ಲ.

ವಲಯದ ಪಂದ್ಯಗಳನ್ನು ಗೆದ್ದೆವು. ದಾಂಡೇಲಿಯ ತಂಡದ ವಿರುದ್ಧದ ಫೈನಲ್ ಮಾತ್ರ ನಮ್ಮನ್ನು ಹಣ್ಣು ಮಾಡಿತು. ಅವರು ಮೈಕಟ್ಟಿನಲ್ಲಿ ನಮಗಿಂತ ಗಟ್ಟಿ, ಆಟದಲ್ಲಿ ನೇರ. ಅರಗಾದ ನಮ್ಮ ಲೆಫ್ಟ್ ವಿಂಗರ್ ಕೊನೆಯ ನಿಮಿಷಗಳಲ್ಲಿ ಗೆರೆಯ ಅಂಚಿನಲ್ಲಿಯೇ ಇಬ್ಬರನ್ನು ದಾಟಿ ಒಳಗೆ ಕೊಟ್ಟ ಚೆಂಡು ಗೋಲಾಯಿತು. ಅಷ್ಟು ಚಿಕ್ಕ ಜಾಗದಲ್ಲಿ ತಿರುಗುವುದನ್ನು ಅವನಿಗೆ ಕಲಿಸಿದ್ದು ದಂಡೆಯ ಉಸುಕೇ ಎಂದು ನಾನು ಇಂದಿಗೂ ನಂಬುತ್ತೇನೆ.

ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಧಾರವಾಡ ಸೇರಿದೆವು. ಅಲ್ಲಿಯ ಮೈದಾನ ಒಣಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಚೆಂಡು ಪುಟಿದರೆ ಎದೆಯೆತ್ತರ. ಮೊದಲ ಪಂದ್ಯದ ಮೊದಲರ್ಧ ನಮಗೆ ದಿಕ್ಕೇ ತೋಚಲಿಲ್ಲ. ಮಧ್ಯಾಂತರದಲ್ಲಿ ಸರ್ ಹೇಳಿದ್ದು ಇಷ್ಟೇ: ‘ಚೆಂಡನ್ನು ನೆಲ ಬಿಡಿಸಬೇಡಿ.’ ಆ ಪಂದ್ಯವನ್ನೂ ಅದರ ಮರುದಿನದ್ದನ್ನೂ ಗೆದ್ದೆವು. ಸೆಮಿಫೈನಲ್ 1–1ಕ್ಕೆ ನಿಂತಿತು. ಪೆನಾಲ್ಟಿಯಲ್ಲಿ ನಮ್ಮವನು ಎರಡನ್ನು ತಡೆದ. ಎದುರಿನ ಗೋಲ್‌ಕೀಪರ್ ಮೂರನ್ನು ತಡೆದ. ನಮ್ಮ ಮೂವರು ಚೆನ್ನಾಗಿಯೇ ಒದ್ದಿದ್ದರು. ಅವನು ಅದಕ್ಕಿಂತ ಚೆನ್ನಾಗಿ ಹಾರಿದ. ಬೈತಖೋಲದವನು ಅಲ್ಲಿಯೇ ಅವನ ಕೈ ಕುಲುಕಿ, ಅದೇ ರಾತ್ರಿಯ ಬಸ್ಸಿಗೆ ಊರಿಗೆ ಹೊರಟ. ಬೆಳಗ್ಗೆ ಅಪ್ಪನ ಜೊತೆ ದೋಣಿಯಲ್ಲಿ ಅವನಿರಬೇಕಿತ್ತು.

ಅರಗಾದವನ ಹೆಸರು ವಿಶ್ವವಿದ್ಯಾಲಯ ತಂಡದ ತರಬೇತಿ ಶಿಬಿರಕ್ಕೆ ಬಂತು. ಅವನ ಮನೆಯವರು ರಂಪಣಿಯವರು. ರಂಪಣಿ ಎಂದರೆ ಒಂದು ಊರೇ ಸೇರಿ ಎಳೆಯುವ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧ ವೃತ್ತವಾಗಿ ಬಿಟ್ಟುಬಂದು, ಎರಡೂ ತುದಿಯ ಹಗ್ಗ ಹಿಡಿದು ದಂಡೆಗೆ ಎಳೆಯಬೇಕು. ಸಿಕ್ಕ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ದೊಡ್ಡ ಬಲೆಯಿಂದ ಕಡಲಿನಲ್ಲಿಯೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ದಂಡೆಯ ಮೀನು ಕಡಿಮೆಯಾಗಿ ರಂಪಣಿಯವರ ಬದುಕು ಮೊದಲೇ ಇಕ್ಕಟ್ಟಿನಲ್ಲಿತ್ತು. ಶಿಬಿರಕ್ಕೆ ಹೋದರೆ ಅಷ್ಟು ದಿನದ ಪಾಲು ಹೋಯಿತು ಎಂದೇ ಲೆಕ್ಕ. ಪಿ.ಡಿ. ಸರ್ ಅವನ ಮನೆಗೆ ಹೋದರು, ನಾವು ಕೆಲವರು ಜೊತೆಗಿದ್ದೆವು. ಅಂಗಳದಲ್ಲಿ ಊರಿನ ಹಿರಿಯರೂ ಬಂದು ಕುಳಿತರು. ಮಾತೆಲ್ಲ ಕೊಂಕಣಿಯಲ್ಲಿ ನಡೆಯಿತು. ಕೊನೆಗೆ ಬಲೆಯ ಮಾಲಕರಾಗಿದ್ದ ಅಜ್ಜ ಎದ್ದುನಿಂತು, ಹುಡುಗ ಹೋಗಲಿ, ಹಗ್ಗದಲ್ಲಿ ಅವನ ಕೈ ಇದ್ದಂತೆಯೇ ಲೆಕ್ಕ ಹಿಡಿದು ಅವನ ಪಾಲು ಅವನ ತಾಯಿಗೆ ಸೇರಲಿ ಎಂದರು. ಯಾರೂ ಎದುರಾಡಲಿಲ್ಲ. ಅವನು ಶಿಬಿರಕ್ಕೆ ಹೋದ, ಆಯ್ಕೆಯಾದ, ಆ ವರ್ಷ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಆಟಗಾರರಿಗೆ ಸಿಗುವ ‘ಯೂನಿವರ್ಸಿಟಿ ಬ್ಲೂ’ ಗೌರವ ಪಡೆದ. ಅವನು ತೊಟ್ಟ ಆ ಬ್ಲೇಜರಿನಲ್ಲಿ ಹಗ್ಗ ಎಳೆದ ಅಷ್ಟೂ ಜನರ ಪಾಲಿದೆ.

ಅರಗಾದ ಆ ದಂಡೆ ಈಗ ನಮಗಿಲ್ಲ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿಯೇ ಅಡಿಗಲ್ಲು ಬಿದ್ದಿತ್ತು. ನಾವು ಅಲ್ಲಿ ಆಡುತ್ತಿದ್ದಾಗಲೇ ಮನೆಗಳಲ್ಲಿ ಏಳಬೇಕಾದ ದಿನದ ಮಾತು ನಡೆಯುತ್ತಿತ್ತು. ಮುಂದೆ ಊರವರು ಪುನರ್ವಸತಿ ಕೇಂದ್ರಗಳಿಗೆ ಹೋದರು; 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಬ್ಬ ಹುಡುಗನ ಆಟಕ್ಕಾಗಿ ತನ್ನ ಮೀನು ಹಂಚಿಕೊಂಡ ಊರು ಅಲ್ಲಿತ್ತು ಎನ್ನುವುದೂ ಜಿಲ್ಲೆಯ ಚರಿತ್ರೆಯೇ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ರಾತ್ರಿ ಬೈತಖೋಲದವನೇ ಮೊದಲು ಫೋನ್ ಮಾಡಿದ. ಖುಷಿಯ ನಡುವೆಯೇ ಅವನು ಕೇಳಿದ್ದು, ತಂಡದಲ್ಲಿ ನಮ್ಮ ಕಡೆಯ ಹುಡುಗರು ಯಾವಾಗ ಬರುತ್ತಾರೆ ಎಂದು. ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರು ಮಳೆಗಾಲದಲ್ಲಿ ಒಂದು ವಾರ ಕಾರವಾರದ ದಂಡೆಗೆ ಬಂದು ನೋಡಲಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಕ್ರೀಡಾ ಕೊಠಡಿಯ ಗೋಡೆಯಲ್ಲಿ ಆ ವರ್ಷದ ತಂಡದ ಫೋಟೊ ಈಗಲೂ ಇದೆ. ಅದರ ಕೆಳಗೆ ವರ್ಷ ಮಾತ್ರ ಇದೆ, ಹೆಸರುಗಳಿಲ್ಲ. ಹಿಂದಿನ ಸಾಲಿನ ಎಡದಿಂದ ಶುರುಮಾಡಿ ಎಲ್ಲರ ಹೆಸರು, ಊರು, ಆಡುತ್ತಿದ್ದ ಸ್ಥಾನವನ್ನು ಗೆಳೆಯರೊಂದಿಗೆ ಸರಿನೋಡಿ ಬರೆದು ಈ ಲೇಖನದ ಜೊತೆ ಕಾಲೇಜಿಗೆ ಕಳುಹಿಸಿದ್ದೇನೆ. ಪ್ರಾಚಾರ್ಯರು ದಯವಿಟ್ಟು ಅದನ್ನು ಚೌಕಟ್ಟಿನ ಕೆಳಗೆ ಬರೆಸಿ ಹಾಕಬೇಕು.